ಅಪ್ಪನ ಉಳಿ, ತೆಂಗಿನ ಹಲಗೆ

ಕಲ್ಪತರು ನಾಡಿನ ತೋಟಗಳಲ್ಲಿ ಹಳೆಯ ಮರಗಳು ಸೌದೆಯಾಗುತ್ತಿವೆ. ಜಗಲಿಗಳ ಮೇಲೆ ಕೆಲಸ ಬಲ್ಲ ಕೈಗಳು ಸುಮ್ಮನೆ ಕೂತಿವೆ. ಇವೆರಡನ್ನೂ ಒಂದೆಡೆ ಸೇರಿಸುವುದು ಮನೆಯ ಮಟ್ಟದಲ್ಲೇ ಆಗುವ ಕೆಲಸ.

ತಿಪಟೂರಿನಿಂದ ತುರುವೇಕೆರೆ ಕಡೆಗೋ ಚಿಕ್ಕನಾಯಕನಹಳ್ಳಿ ಕಡೆಗೋ ಹೊರಟರೆ ರಸ್ತೆಯ ಎರಡೂ ಬದಿಗೆ ತೆಂಗೋ ತೆಂಗು. ತಲೆ ಎತ್ತಿ ನೋಡಿದರೆ ನಡುನಡುವೆ ಸುಳಿಯೇ ಇಲ್ಲದೆ ಬೋಳಾಗಿ ನಿಂತ ಮರಗಳೂ ಕಾಣುತ್ತವೆ. ಕಾಂಡ ಸೋರುವ ರೋಗ, ಅಣಬೆ ರೋಗ, ಕೆಂಪುಮೂತಿ ಹುಳು, ಮೇಲಿಂದ ಮೇಲೆ ಬಂದ ಬರ, ಬತ್ತಿದ ಕೊಳವೆಬಾವಿ, ಒಂದಲ್ಲ ಒಂದು ಕಾರಣಕ್ಕೆ ಸೋತ ಮರಗಳವು. ಕಡಿದ ಮೇಲೆ ಎಲ್ಲಿಗೆ ಹೋಗುತ್ತವೆ ಎಂಬುದು ಎಲ್ಲರಿಗೂ ಗೊತ್ತು. ಒಂದಿಷ್ಟು ಇಟ್ಟಿಗೆ ಗೂಡಿಗೆ, ಒಂದಿಷ್ಟು ಕಾಲುವೆಗೆ ಅಡ್ಡ ಹಾಕಲು, ಉಳಿದದ್ದು ಬದುವಿನ ಮೇಲೆ ಗೆದ್ದಲಿಗೆ. ಎರಡು ತಲೆಮಾರು ಸಾಕಿದ ಮರಕ್ಕೆ ಕೊನೆಗೆ ಸಿಗುವುದು ಸೌದೆಯ ಬೆಲೆ.

ಅದೇ ಊರುಗಳ ಜಗಲಿಗಳ ಮೇಲೆ ಎಪ್ಪತ್ತು ದಾಟಿದ ಅಪ್ಪಂದಿರು ಕೂತಿದ್ದಾರೆ. ಮಕ್ಕಳು ಬೆಂಗಳೂರಿನಲ್ಲಿ. ಕಾಯಿ ಕೀಳಲು ಆಳು, ಕೊಬ್ಬರಿ ಸುಲಿಯಲು ಇನ್ನೊಂದು ತಂಡ. 2011ರ ಜನಗಣತಿಯ ಹೊತ್ತಿಗೇ ಕರ್ನಾಟಕದ ಜನಸಂಖ್ಯೆಯಲ್ಲಿ ಅರವತ್ತು ದಾಟಿದವರು ಶೇ 9.5ರಷ್ಟಿದ್ದರು. ‘ದುಡಿದಿದ್ದು ಸಾಕು, ಇನ್ನು ಆರಾಮಾಗಿರಿ’ ಎಂದು ಮಕ್ಕಳು ಪ್ರೀತಿಯಿಂದಲೇ ಹೇಳುತ್ತಾರೆ. ದುಡಿದು ಬೆಳೆದ ಮೈಗೆ ಆ ಆರಾಮವೇ ಭಾರವಾಗುತ್ತದೆ. ವಯಸ್ಸಾದ ಅಪ್ಪನಿಗೆ ವಿಶ್ರಾಂತಿಗಿಂತ ಹೆಚ್ಚಾಗಿ ಬೇಕಿರುವುದು, ತನ್ನ ತಿಳಿವಳಿಕೆ ಇಲ್ಲದೆ ಮುಂದೆ ಹೋಗದ ಒಂದು ಕೆಲಸ ಎಂದು ನಾನು ನಂಬಿದ್ದೇನೆ. ನಮ್ಮ ಮನೆಯಲ್ಲಿ ಆ ಕೆಲಸ ಮರಗೆಲಸ.

ಆಚಾರ್ರ ಕೊಟ್ಟಿಗೆಯ ಪಾಠ

ನಮ್ಮಪ್ಪ ಬಡಗಿಯಲ್ಲ, ತೆಂಗು, ರಾಗಿ ಬೆಳೆದ ರೈತ. ಅವರ ಹುಡುಗತನದಲ್ಲಿ ಆಚಾರ್ರ ಕೊಟ್ಟಿಗೆಯೇ ಊರಿನ ಕಾರ್ಖಾನೆ. ನೇಗಿಲು, ನೊಗ, ಕುಂಟೆ, ಗಾಡಿ ಚಕ್ರ, ಬಾಗಿಲು, ತೊಟ್ಟಿಲು ಎಲ್ಲವೂ ಅಲ್ಲೇ ಆಗಬೇಕು. ಸುಗ್ಗಿ ಬಂದಾಗ ಕಣದಲ್ಲೇ ಆಚಾರ್ರ ಪಾಲಿನ ರಾಗಿ ಅಳೆದು ಕೊಡುತ್ತಿದ್ದರು. ನೇಗಿಲು ಸರಿಮಾಡಿಸಲು ಹೊತ್ತು ತಂದ ಹುಡುಗ ಕೆಲಸ ಮುಗಿಯುವ ತನಕ ಕಾಯಬೇಕಿತ್ತು. ಹಾಗೆ ಕಾಯುತ್ತಾ, ಕೇಳಿದ ಉಳಿ ಎತ್ತಿಕೊಡುತ್ತಾ, ಸಾಣೆಕಲ್ಲಿಗೆ ನೀರು ಹಾಕುತ್ತಾ ಅಪ್ಪ ಕಲಿತರು. ನೇಗಿಲಿಗೆ ಜಾಲಿ, ಮಣೆಗೆ ಹಲಸು ಎಂಬ ಲೆಕ್ಕವೂ ಅಲ್ಲಿಯದೇ. ಆಮೇಲೆ ಟ್ರಾಕ್ಟರ್ ಬಂತು, ಪ್ಲಾಸ್ಟಿಕ್ ಬಂತು. ಆಚಾರ್ರ ಮಕ್ಕಳು ಪ್ಲೈವುಡ್ ಕೆಲಸ ಹುಡುಕಿಕೊಂಡು ಬೆಂಗಳೂರಿಗೆ ಹೋದರು. ಅಪ್ಪನ ಬಳಿ ಉಳಿದದ್ದು ಒಂದು ಬಾಚಿ, ಮೂರು ಉಳಿ, ಒಂದು ತೋಪಡ, ಒಂದು ಕೊಡತಿ. ಎಲ್ಲವೂ ಗೋಣಿಚೀಲದಲ್ಲಿ ತುಕ್ಕು ತಿನ್ನುತ್ತಿದ್ದವು.

ಮಂಡಿನೋವು ಹೆಚ್ಚಾಗಿ ಅಪ್ಪ ತೋಟಕ್ಕೆ ಹೋಗುವುದು ನಿಂತ ವರ್ಷ ಅಮ್ಮನ ಈಳಿಗೆಮಣೆಯ ಕಾಲು ಮುರಿಯಿತು. ಬರುವಾಗ ಹೊಸದು ತರುತ್ತೇನೆ ಎಂದೆ. ‘ಹಲಗೆ ಮನೇಲೇ ಐತೆ, ದುಡ್ಡು ಯಾಕೆ ಸುರೀತೀಯವ್ವ?’ ಎಂದರು ಅಪ್ಪ. ಆ ಭಾನುವಾರ ಗೋಣಿಚೀಲ ಹೊರಗೆ ಬಂತು. ಅಲ್ಲಿಂದೀಚೆಗೆ ರಜೆಗೆ ಊರಿಗೆ ಬಂದಾಗಲೆಲ್ಲ ಕೊಬ್ಬರಿ ಶೆಡ್ಡಿನಲ್ಲಿ ನಮ್ಮಿಬ್ಬರ ಕೆಲಸ ನಡೆಯುತ್ತದೆ. ಮೇಲೆ ಅಟ್ಟದಲ್ಲಿ ವರ್ಷವಿಡೀ ಮಲಗಿ, ನೀರು ಇಂಗಿ ಉಂಡೆ ಕೊಬ್ಬರಿಯಾಗುತ್ತಿರುವ ಕಾಯಿ. ಕೆಳಗೆ ನಮ್ಮ ಮೇಜು.

ಉಂಗುರವಿಲ್ಲದ ಮರ

ಹಳೆ ಮನೆಗಳ ಜಂತೆಗೆ ಬಳಸಿದ್ದು ಬಿಟ್ಟರೆ ತೆಂಗನ್ನು ನಾಜೂಕು ಕೆಲಸಕ್ಕೆ ತಂದವರು ನಮ್ಮ ಕಡೆ ಕಡಿಮೆ. ಉಳಿದ ಮರಗಳ ಲೆಕ್ಕ ಅದಕ್ಕೆ ಹೊಂದುವುದಿಲ್ಲ, ಅದೇ ಕಾರಣ. ತೆಂಗು ಏಕದಳ ಸಸ್ಯ, ಬಿದಿರಿನಂತೆ. ಅದಕ್ಕೆ ಕೊಂಬೆಯಿಲ್ಲ, ಆದ್ದರಿಂದ ಹಲಗೆಯಲ್ಲಿ ಗಂಟಿಲ್ಲ. ವರ್ಷಕ್ಕೊಂದರಂತೆ ಮೂಡುವ ಉಂಗುರವೂ ಇಲ್ಲ. ಹಲಸಿನಲ್ಲಿ ಚೇಗು ಒಳಗಿರುತ್ತದೆ, ಹೊರಗಿನ ಬಿಳಿ ಭಾಗ ಮೆದು. ತೆಂಗಿನಲ್ಲಿ ಎಲ್ಲವೂ ತಿರುವುಮುರುವು. ತೊಗಟೆಯ ಪಕ್ಕದ ಪಟ್ಟೆ ಕಬ್ಬಿಣದಂತೆ ಗಟ್ಟಿ, ನಡುವಿನ ತಿರುಳು ಬೆಂಡು. ಒಣಗಿದ ಹೊರಪಟ್ಟೆ ಘನ ಮೀಟರಿಗೆ 600 ಕಿಲೋಗೂ ಹೆಚ್ಚು ತೂಗಿದರೆ ತಿರುಳು 400 ಕಿಲೋ ಮುಟ್ಟುವುದಿಲ್ಲ. ಮರಕ್ಕೆ ವಯಸ್ಸಾದಷ್ಟೂ ಬುಡದ ಜೀವಕೋಶಗಳ ಗೋಡೆ ದಪ್ಪವಾಗುತ್ತಲೇ ಹೋಗುತ್ತದೆ. ಎಳೆ ಮರ ಹಲಗೆಗೆ ಬರುವುದಿಲ್ಲ. ಅರವತ್ತು ದಾಟಿದ ಮರದ ಬುಡದ ಭಾಗವೇ ಎಲ್ಲಕ್ಕಿಂತ ಮೇಲು.

ಉಂಗುರವಿಲ್ಲದ ಮರದ ವಯಸ್ಸು ತಿಳಿಯುವುದು ಹೇಗೆ? ಅಪ್ಪ ಕಾಂಡದ ಮೇಲೆ ಕೈಯಾಡಿಸಿ ಗರಿ ಕಳಚಿದ ಗುರುತುಗಳನ್ನು ಎಣಿಸುತ್ತಾರೆ. ಚೆನ್ನಾಗಿ ನೀರು ಗೊಬ್ಬರ ಕಂಡ ಮರ ತಿಂಗಳಿಗೆ ಹೆಚ್ಚುಕಡಿಮೆ ಒಂದು ಗರಿ ಬಿಡುತ್ತದೆ, ಅಂದರೆ ಸುಮಾರು ಹನ್ನೆರಡು ಗುರುತಿಗೆ ಒಂದು ವರ್ಷ. ಗುರುತುಗಳು ಒತ್ತಾಗಿರುವ ಕಡೆ ಬೆರಳಿಟ್ಟು, ಇಲ್ಲಿ ಮರ ಸೊರಗಿತ್ತು, ಬರದ ಕಾಲ ಇರಬೇಕು ಎನ್ನುತ್ತಾರೆ. ಕೊಯ್ದ ಹಲಗೆ ಬಂದಾಗ ಹೆಬ್ಬೆರಳಿನ ಉಗುರಿನಿಂದ ಒತ್ತುತ್ತಾರೆ. ಉಗುರಿನ ಗುರುತು ಬಿದ್ದರೆ ಆ ತುಂಡು ಪಕ್ಕಕ್ಕೆ. ಬೀಳದೆ, ಕಡುಕಂದು ಚುಕ್ಕೆಗಳು ಒತ್ತೊತ್ತಾಗಿ ಕಂಡರೆ ಅದು ಮೇಜಿನ ಮೇಲಕ್ಕೆ.

ಮನೆಯಲ್ಲಿ ಇದನ್ನು ಮಾಡಹೊರಟವರು ಕೆಲವು ಸಂಗತಿ ತಿಳಿದಿರಬೇಕು. ಕಡಿದ ದಿಮ್ಮಿಯಲ್ಲಿ ನೀರಿನ ಅಂಶ ಬಹಳ, ಬಿಟ್ಟರೆ ಬೂಷ್ಟು ಹಿಡಿಯುತ್ತದೆ. ಕೆಲವೇ ದಿನಗಳಲ್ಲಿ ಕೊಯ್ಯಿಸಬೇಕು. ಮಾಮೂಲಿ ಗರಗಸದ ಹಲ್ಲು ಬೇಗ ಮೊಂಡಾಗುತ್ತದೆ, ಕಾರ್ಬೈಡ್ ಹಲ್ಲಿನ ಬ್ಲೇಡ್ ಇರುವ ಮಿಲ್ಲನ್ನೇ ಹುಡುಕಬೇಕು. ಹಲಗೆಗಳನ್ನು ಬೋರಾಕ್ಸ್ ಮತ್ತು ಬೋರಿಕ್ ಆಸಿಡ್ ಕರಗಿಸಿದ ನೀರಿನಲ್ಲಿ ಅದ್ದಿದರೆ ಹುಳುವಿನ ಕಾಟ ತಗ್ಗುತ್ತದೆ. ಅಡುಗೆಯ ಸಾಮಾನಿಗೆ ಮಾತ್ರ ಈ ಉಪಚಾರ ಬೇಡ. ಆಮೇಲೆ ನಡುವೆ ಪಟ್ಟಿ ಕೊಟ್ಟು, ಗಾಳಿಯಾಡುವಂತೆ ನೆರಳಿನಲ್ಲಿ ಪೇರಿಸಿ ತಿಂಗಳುಗಟ್ಟಲೆ ಒಣಗಿಸಬೇಕು. ಬಿಸಿಲಿಗೆ ಹಾಕಿದರೆ ಸೊಟ್ಟಗಾಗುತ್ತದೆ.

ಈ ಮರದ ಬೆಲೆ ತಿಳಿದವರು ಬೇರೆಡೆ ಇದ್ದಾರೆ. ಫಿಲಿಪ್ಪೀನ್ಸ್‌ನ ಮನಿಲಾದಲ್ಲಿ 1981ರ ಹೊತ್ತಿಗೆ ತೆಂಗಿನ ಮರ, ಚಿಪ್ಪುಗಳನ್ನೇ ಹೆಚ್ಚಾಗಿ ಬಳಸಿ ಒಂದು ಅರಮನೆಯನ್ನೇ ಕಟ್ಟಿದರು. ಕೇರಳದ ಪೀಚಿಯಲ್ಲಿರುವ ಅರಣ್ಯ ಸಂಶೋಧನಾ ಸಂಸ್ಥೆ ತೆಂಗಿನ ಮರದ ಬಳಕೆಯ ಬಗ್ಗೆ ಅಧ್ಯಯನ ಮಾಡಿದೆ. ಮರದ ವಿಜ್ಞಾನಕ್ಕೆಂದೇ ಇರುವ ಕೇಂದ್ರ ಸರ್ಕಾರದ ಸಂಸ್ಥೆಯೊಂದು ಬೆಂಗಳೂರಿನ ಮಲ್ಲೇಶ್ವರದಲ್ಲೇ ಇದೆ. ತಿಪಟೂರಿನಿಂದ ಅಲ್ಲಿಗೆ ಮೂರು ತಾಸಿನ ದಾರಿ.

ಗೀಟು ಉಳಿಸಿ ಕೊರೆಯುವುದು

ಈಳಿಗೆಮಣೆಗೆ ಹಲಗೆ ಹಲಸಿನದು, ಕಾಲು ತೆಂಗಿನದು ಎಂದು ಅಪ್ಪ ತೀರ್ಮಾನಿಸಿದರು. ಕಾಲು ಕೂರಲು ಹಲಗೆಯಲ್ಲಿ ಚೌಕ ತೂತು ಬೇಕು. ಮೂಲೆಮಟ್ಟ ಇಟ್ಟು ಎರಡೂ ಮೈಗೆ ಮೊಳೆಯ ತುದಿಯಿಂದ ಗೀಟು ಎಳೆದರು. ಉಳಿಯ ಇಳಿಜಾರು ಮುಖ ತೂತಿನ ಒಳಕ್ಕೆ ಬರುವಂತೆ ಹಿಡಿದು, ಕೊಡತಿಯಿಂದ ಅರ್ಧ ಆಳಕ್ಕೆ ಹೊಡೆದು, ಹಲಗೆ ಮಗುಚಿ ಉಳಿದರ್ಧವನ್ನು ಹಿಂದಿನಿಂದ ತೆಗೆದರು. ಒಂದೇ ಕಡೆಯಿಂದ ಹೊಡೆಯುತ್ತಾ ಹೋದರೆ ಹಿಂಬದಿ ಸಿಗಿದು ಬರುತ್ತದೆ. ಎರಡನೆಯ ತೂತಿಗೆ ಉಳಿಯನ್ನು ನನ್ನ ಕೈಗೆ ಕೊಟ್ಟು, ‘ಗೀಟು ಉಳಿಸ್ಕೊಂಡು ಕೊರಿ ಕಣವ್ವ. ತೆಗೆದಿದ್ದನ್ನ ವಾಪಸ್ ಹಾಕಕ್ಕಾಗಲ್ಲ’ ಎಂದರು.

ತೆಂಗಿಗೆ ತೋಪಡ ಹಾಕುವುದು ಬೇರೆಯೇ ವಿದ್ಯೆ. ಗಟ್ಟಿ ನಾರು, ಅದರ ಸುತ್ತ ಮೆದು ಭಾಗ. ಅಲಗು ಸ್ವಲ್ಪ ಮೊಂಡಾದರೂ ನಾರು ಕತ್ತರಿಸದೆ ಕಿತ್ತು ಬರುತ್ತದೆ, ಸಿಬಿರು ಬೆರಳಿಗೆ ಹೊಗುತ್ತದೆ. ಹಾಗಾಗಿ ಅಪ್ಪ ತೋಪಡದ ಅಲಗನ್ನು ಕೂದಲೆಳೆಯಷ್ಟೇ ಹೊರಗಿಡುತ್ತಾರೆ. ಹೊತ್ತಿಗೊಮ್ಮೆ ನಿಲ್ಲಿಸಿ ಸಾಣೆಕಲ್ಲಿಗೆ ನೀರು ಹನಿಸಿ ಮಸೆಯುತ್ತಾರೆ, ಮುಂಗೈ ಕೂದಲ ಮೇಲೆ ಹರಿತ ನೋಡುತ್ತಾರೆ. ಆ ಹರಿತ ಎಷ್ಟಿರಬೇಕು ಎಂಬುದನ್ನು ನಾನು ಯಾವ ವಿಡಿಯೊದಿಂದಲೂ ಕಲಿಯಲಾಗಲಿಲ್ಲ. ಪಕ್ಕದಲ್ಲಿ ನಿಂತು, ಅವರು ಮಸೆದ ಅಲಗನ್ನು ಮುಟ್ಟಿ ಮುಟ್ಟಿ ಗೊತ್ತಾಯಿತು.

ಕೈ ನಡುಗುವ ಕಾಲ

ವರ್ಷ ಕಳೆದಂತೆ ಕೆಲಸದ ಹಂಚಿಕೆಯೂ ಬದಲಾಯಿತು. ಗರಗಸ ನನ್ನದಾಯಿತು. ಅಳತೆಪಟ್ಟಿ ನಾನು ಒತ್ತಿ ಹಿಡಿದರೆ ಗೀಟು ಅವರು ಎಳೆಯುತ್ತಾರೆ. ಯಾವ ಹಲಗೆಯ ಯಾವ ಮಗ್ಗುಲು ಮೇಲೆ ಬರಬೇಕು, ಕೂಡಿಕೆ ಎಷ್ಟು ಬಿಗಿ ಇರಬೇಕು ಎಂಬ ತೀರ್ಮಾನ ಮಾತ್ರ ಇವತ್ತಿಗೂ ಅವರದೇ. ಶಕ್ತಿ ಬೇಡುವ ಕೆಲಸ ನಮಗೆ ಬರಲಿ, ವಿವೇಚನೆ ಬೇಡುವ ಕೆಲಸ ಅವರಲ್ಲೇ ಇರಲಿ. ಹಿರಿಯರೊಂದಿಗೆ ಕೆಲಸ ಮಾಡುವವರಿಗೆ ನಾನು ಹೇಳಬಹುದಾದ ಮುಖ್ಯ ಮಾತು ಇದು.

ಕಷ್ಟವಾಗುವುದು ತಪ್ಪನ್ನು ತೋರಿಸುವಾಗ. ನಮ್ಮ ಜಿಲ್ಲೆಯ ಕೈದಾಳದ ಐತಿಹ್ಯ ಎಲ್ಲರೂ ಕೇಳಿದ್ದೇವೆ. ಜಕಣಾಚಾರಿ ಕಡೆದ ವಿಗ್ರಹದ ಕಲ್ಲಿನಲ್ಲಿ ದೋಷವಿದೆ ಎಂದು ಒಬ್ಬ ಹುಡುಗ ಹೇಳುತ್ತಾನೆ. ವಿಗ್ರಹಕ್ಕೆ ಹಚ್ಚಿದ ಗಂಧ ಎಲ್ಲ ಕಡೆ ಒಣಗಿ ಹೊಕ್ಕುಳಲ್ಲಿ ಮಾತ್ರ ಹಸಿಯಾಗಿ ಉಳಿಯುತ್ತದೆ, ಒಳಗೆ ಕಪ್ಪೆ ಸಿಗುತ್ತದೆ. ಶಿಲ್ಪಿ ತನ್ನ ಕೈ ಕಡಿದುಕೊಳ್ಳುತ್ತಾನೆ. ಹುಡುಗ ಅವನ ಮಗನೇ ಆದ ಡಂಕಣ. ಕೂದಲೆಳೆಯಷ್ಟು ಸಂದು ಬಿಟ್ಟರೂ ಮನಸ್ಸು ಮುರಿಯುವ ಅಪ್ಪಂದಿರ ಮಕ್ಕಳಿಗೆ ಆ ಕಥೆ ಚೆನ್ನಾಗಿ ಅರ್ಥವಾಗುತ್ತದೆ. ಅಪ್ಪನ ಕಣ್ಣು ಈಗ ಸಣ್ಣ ಸಂದನ್ನು ಹಿಡಿಯುವುದಿಲ್ಲ, ಬೆರಳು ಹಿಡಿಯುತ್ತದೆ. ಹಾಗಾಗಿ ನಾನು ‘ಇಲ್ಲಿ ತಪ್ಪಿದೆ’ ಎನ್ನುವುದಿಲ್ಲ, ‘ಇಲ್ಲಿ ಕೈಯಾಡಿಸಿ ನೋಡಿ ಅಪ್ಪ’ ಎನ್ನುತ್ತೇನೆ. ಅವರೇ ಕಂಡುಹಿಡಿಯುತ್ತಾರೆ, ಅವರೇ ಸರಿಮಾಡುವ ದಾರಿ ಹೇಳುತ್ತಾರೆ.

ಎಚ್ಚರಿಕೆಯೂ ಬೇಕು. ಸಕ್ಕರೆ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುವವರು ತಿಂಡಿ ತಿಂದೇ ಉಳಿ ಹಿಡಿಯಬೇಕು. ರಕ್ತ ತೆಳುವಾಗಿಸುವ ಔಷಧಿ ನಡೆಯುತ್ತಿದ್ದರೆ ಸಣ್ಣ ಗಾಯದ ರಕ್ತವೂ ಬೇಗ ನಿಲ್ಲುವುದಿಲ್ಲ, ವೈದ್ಯರನ್ನು ಕೇಳಿಯೇ ಶುರುಮಾಡಬೇಕು. ನಿಂತು ಮಾಡುವ ಕೆಲಸವನ್ನು ಕೂತು ಮಾಡುವಂತೆ ಮೇಜಿನ ಎತ್ತರ ತಗ್ಗಿಸಬೇಕು. ಹಲಗೆಯನ್ನು ಕೈಯಲ್ಲಿ ಹಿಡಿಯದೆ ಕ್ಲಾಂಪ್ ಹಾಕಬೇಕು. ಬೆಳಗಿನ ಬೆಳಕು ಉತ್ತಮ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಮರದ ಧೂಳನ್ನು ಕ್ಯಾನ್ಸರ್‌ಕಾರಕಗಳ ಪಟ್ಟಿಗೆ 1995ರಲ್ಲೇ ಸೇರಿಸಿದೆ. ಉಪ್ಪುಕಾಗದ ಉಜ್ಜುವಾಗ ಇಬ್ಬರಿಗೂ ಮಾಸ್ಕ್ ಕಡ್ಡಾಯ.

ಅರಿವು ಕೇಂದ್ರದ ಪಕ್ಕ ಒಂದು ಮೇಜು

ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದಲ್ಲಿ ಟೊಂಗಾಲ ಎಂಬ ಸಣ್ಣ ಊರಿದೆ. 1998ರಲ್ಲಿ ಅಲ್ಲಿ ‘ಮೆನ್ಸ್ ಶೆಡ್’ ಎಂಬ ಹೆಸರಿನಲ್ಲಿ ಒಂದು ಕೊಟ್ಟಿಗೆ ತೆರೆದರು. ನಿವೃತ್ತರಾದ ಗಂಡಸರು ಸೇರಿ ಮರಗೆಲಸ, ರಿಪೇರಿ ಮಾಡುವ ಜಾಗ. ಇಂದು ಅಂಥವು ಹಲವು ದೇಶಗಳಲ್ಲಿವೆ. ಎದುರು ಕೂರಿಸಿ ಕೇಳಿದರೆ ಬಾಯಿಬಿಡದ ಗಂಡಸರು ಪಕ್ಕಪಕ್ಕ ನಿಂತು ದುಡಿಯುವಾಗ ಮಾತಾಡುತ್ತಾರೆ ಎಂಬುದು ಅವರು ಕಂಡುಕೊಂಡ ಸತ್ಯ. ನಮ್ಮ ಶೆಡ್ಡಿನಲ್ಲೂ ಹಾಗೇ ಆಯಿತು. ಕೊಳವೆಬಾವಿಗೆ ಮಾಡಿದ ಸಾಲ, ಕೊಬ್ಬರಿ ಬೆಲೆ ಬಿದ್ದ ವರ್ಷ ಮಾರುಕಟ್ಟೆಯಿಂದ ಚೀಲ ವಾಪಸ್ ತಂದದ್ದು, ನನ್ನನ್ನು ಓದಿಸಲು ಮಾರಿದ ಎತ್ತು, ಇವೆಲ್ಲ ನನಗೆ ತಿಳಿದದ್ದು ಅಪ್ಪ ತೋಪಡ ತಳ್ಳುತ್ತಿದ್ದಾಗ.

ಇದು ಒಂದೊಂದು ಮನೆಯಲ್ಲೇ ಉಳಿಯಬೇಕಿಲ್ಲ. ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ. ಅವುಗಳ ಪಕ್ಕ ಒಂದು ಕೋಣೆ, ಒಂದು ಗಟ್ಟಿ ಮೇಜು, ಒಂದು ಪೆಟ್ಟಿಗೆ ಹತಾರ ಇಟ್ಟರೆ ಊರಿನ ಹಿರಿಯರೂ ಶಾಲೆ ಬಿಟ್ಟ ಮಕ್ಕಳೂ ಅಲ್ಲಿ ಸೇರಬಹುದು. ಕಸುಬು ಬಲ್ಲ ಆಚಾರ್ರು ಇನ್ನೂ ಊರಲ್ಲಿದ್ದರೆ ಗೌರವಧನ ಕೊಟ್ಟು ಕರೆಸಿ ಕಲಿಯಬೇಕು. ನಮ್ಮ ಹವ್ಯಾಸ ಅವರ ಅನ್ನಕ್ಕೆ ಅಡ್ಡ ಬರಬಾರದು, ಅವರ ವಿದ್ಯೆಗೆ ಬೆಲೆ ತರಬೇಕು. ಮರದ ಕೊರತೆಯಂತೂ ಇಲ್ಲ.

ಮುಂದಿನ ಸಲ ತೋಟದಲ್ಲಿ ಹಳೆ ಮರ ಕಡಿಸುವಾಗ ಬುಡದ ಹತ್ತು ಅಡಿಯನ್ನು ಸೌದೆಯವರಿಗೆ ಕೊಡದೆ ಉಳಿಸಿಕೊಳ್ಳಿ. ಅಟ್ಟದಲ್ಲಿರುವ ಉಳಿ, ಬಾಚಿಗಳನ್ನು ಇಳಿಸಿ. ಯಾವುದನ್ನು ಹೇಗೆ ಮಸೆಯಬೇಕು ಎಂದು ಅಪ್ಪನನ್ನು ಕೇಳಿ. ಅವರ ಮನಸ್ಸು ಹಗುರಾಗಲಿ ಎಂಬ ನೆಪಕ್ಕೆ ಕೇಳಬೇಕಿಲ್ಲ. ಅವರಿಗೆ ಗೊತ್ತಿರುವುದು ನಿಜಕ್ಕೂ ನಮಗೆ ಗೊತ್ತಿಲ್ಲ.