ಬೆಳೆ ವಿಮೆಗೆ ಒಳಪಡದ ನಷ್ಟಗಳು

ವಿಮೆಯ ಕಂತನ್ನು ಕಟ್ಟಿದ ಮಾತ್ರಕ್ಕೆ ಹೊಲಕ್ಕೆ ಬರುವ ಸಕಲ ಆಪತ್ತಿಗೂ ಪರಿಹಾರ ದೊರೆಯುವುದೆಂದು ಅನೇಕ ರೈತರು ನಂಬಿರುವರು. ಪೈರು ಕೆಟ್ಟ ಮೇಲೆ ಈ ನಂಬಿಕೆಯು ಸುಳ್ಳಾದರೆ ಅವರ ಕೋಪವು ಮೊದಲು ಊರಿನ ಮುಖಂಡರ ಮೇಲೆಯೇ ತಿರುಗುವುದು. ಆದುದರಿಂದ ಯಾವ ನಷ್ಟವು ಈ ಏರ್ಪಾಡಿನ ಹೊರಗಿರುವುದೆಂಬುದನ್ನು ಬಿತ್ತನೆಗೆ ಮುಂಚೆಯೇ ಗ್ರಾಮಸ್ಥರಿಗೆ ತಿಳಿಯಪಡಿಸುವುದು ಯುಕ್ತ.

2016ನೆಯ ಇಸವಿಯ ಮುಂಗಾರಿನಿಂದ ಜಾರಿಗೆ ಬಂದ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ಆಹಾರಧಾನ್ಯ ಮತ್ತು ಎಣ್ಣೆಕಾಳುಗಳಿಗೆ ರೈತನು ಕೊಡತಕ್ಕ ಕಂತು ಮುಂಗಾರಿನಲ್ಲಿ ನೂರಕ್ಕೆ 2ನ್ನೂ ಹಿಂಗಾರಿನಲ್ಲಿ 1½ನ್ನೂ ಮೀರದು. ಆದರೆ ಇಲ್ಲಿ ಮುಖ್ಯವಾಗಿ ಅಳೆಯುವುದು ಒಬ್ಬೊಬ್ಬನ ಹೊಲವನ್ನಲ್ಲ. ಪ್ರಮುಖ ಬೆಳೆಗಳಿಗೆ ಗ್ರಾಮ ಪಂಚಾಯಿತಿಯೇ ಘಟಕ. ಕಳೆದ 7 ವರ್ಷಗಳಲ್ಲಿ ಉತ್ತಮವಾದ 5 ವರ್ಷಗಳ ಸರಾಸರಿಯಲ್ಲಿ ಗೊತ್ತುಮಾಡಿದ ಒಂದು ಪಾಲು ಖಾತರಿ ಇಳುವರಿ ಎನಿಸುವುದು. ಒಂದು ಪಂಚಾಯಿತಿಯಲ್ಲಿ ರಾಗಿಯ ಆ ಸರಾಸರಿಯು ಎಕರೆಗೆ 10 ಕ್ವಿಂಟಾಲ್, ಪಾಲು ನೂರಕ್ಕೆ 80 ಎಂದಿಟ್ಟುಕೊಂಡರೆ ಖಾತರಿ ಇಳುವರಿಯು 8 ಕ್ವಿಂಟಾಲ್. ಕಟಾವು ಪ್ರಯೋಗದಲ್ಲಿ 6 ಕ್ವಿಂಟಾಲ್ ಬಂದರೆ, ವಿಮೆ ಮಾಡಿದ ಎಲ್ಲರಿಗೂ ವಿಮಾ ಮೊಬಲಗಿನ ಕಾಲು ಭಾಗ ಸಲ್ಲುವುದು. 8 ಬಂದರೋ, ತನ್ನ ಹೊಲದಲ್ಲಿ ಒಂದು ತೆನೆಯನ್ನೂ ಕಾಣದವನಿಗೂ ಈ ಲೆಕ್ಕದಲ್ಲಿ ಏನೂ ದೊರೆಯದು. ಇದು ಕಠಿಣವೆಂದು ತೋರಬಹುದು; ಆದರೆ ಹೊಲಹೊಲವನ್ನೂ ಪರೀಕ್ಷಿಸುವ ವೆಚ್ಚವನ್ನು ಇಷ್ಟು ಅಲ್ಪ ಕಂತಿನ ಏರ್ಪಾಡು ತಾಳಲಾರದು. ಮೈಸೂರಿನ ಜೆ. ಎಸ್. ಚಕ್ರವರ್ತಿಯವರು ಸಹ 1920ರ ತಮ್ಮ ಗ್ರಂಥದಲ್ಲಿ ಆಯಾ ಪ್ರದೇಶದ ಮಳೆಯ ಪ್ರಮಾಣವನ್ನೇ ವಿಮೆಗೆ ಆಧಾರವಾಗಿಡುವಂತೆ ಸೂಚಿಸಿದ್ದರು.

ಆಲಿಕಲ್ಲು, ಭೂಕುಸಿತ, ಮೇಘಸ್ಫೋಟ, ಸಿಡಿಲಿನ ಬೆಂಕಿ ಮುಂತಾದುವುಗಳಲ್ಲಿ ಮಾತ್ರ ಆಯಾ ಹೊಲವನ್ನೇ ನೋಡಿ ನಷ್ಟವನ್ನು ಗಣಿಸುವರು. ಆಗಲೂ 72 ಗಂಟೆಗಳೊಳಗೆ ವರ್ತಮಾನ ಕೊಡತಕ್ಕದ್ದು.

ಯುದ್ಧದ ಹಾನಿ, ದ್ವೇಷದಿಂದ ಯಾರಾದರೂ ಇಟ್ಟ ಬೆಂಕಿ, ಎಚ್ಚರದಿಂದ ತಪ್ಪಿಸಬಹುದಾಗಿದ್ದ ನಷ್ಟ, ಇವು ವಿಮೆಗೆ ಸೇರವು. ಆನೆ, ಹಂದಿಗಳ ಹಾವಳಿಯು ಮೂಲ ರಕ್ಷಣೆಯಲ್ಲಿಲ್ಲ. ಸರ್ಕಾರವು ಪ್ರತ್ಯೇಕವಾಗಿ ಅಧಿಸೂಚಿಸಿದ ಕಡೆ ಮಾತ್ರ ಉಂಟು. ಪೇಟೆಯಲ್ಲಿ ಧಾರಣೆ ಇಳಿದುದಕ್ಕೂ ಈ ವಿಮೆಗೂ ಸಂಬಂಧವಿಲ್ಲ.

ಕೊಯಿಲಿನ ಅನಂತರದ ವಿಷಯದಲ್ಲಿಯೇ ಹೆಚ್ಚು ಮಂದಿ ಮೋಸಹೋಗುವರು. ಕುಯ್ದು ಹೊಲದಲ್ಲಿಯೇ ಒಣಗಲು ಹರಡಿದ ಅಥವಾ ಸಣ್ಣ ಕಟ್ಟುಗಳಾಗಿ ಬಿಟ್ಟ ಪೈರಿಗೆ, ಚಂಡಮಾರುತದ ಅಥವಾ ಅಕಾಲದ ಮಳೆಯಿಂದ ಕೆಟ್ಟರೆ, ಕೊಯಿಲಾದ 14 ದಿವಸಗಳವರೆಗೆ ರಕ್ಷಣೆಯಿದೆ. ಕಣಕ್ಕೆ ಸಾಗಿಸಿ ಮೆದೆ ಹಾಕಿದುದು ನೆನೆದರೆ ಇಲ್ಲ. ಹೊಲದಲ್ಲಿ ಜೋಳವಿದ್ದು ಅರ್ಜಿಯಲ್ಲಿ ಹತ್ತಿಯೆಂದು ಬರೆಯಿಸಿದವನ ಹಕ್ಕೂ ನಿಲ್ಲಲಾರದು. ಆದುದರಿಂದ ಬೆಳೆಯ ಹೆಸರನ್ನೂ ಸರ್ವೆ ನಂಬರನ್ನೂ ಪಹಣಿಯೊಡನೆ ತಾಳೆನೋಡಿದ ಮೇಲೆಯೇ ರಸೀತಿಯನ್ನು ತೆಗೆದುಕೊಳ್ಳತಕ್ಕದ್ದು.