ಚರ್ಚ್ ಕಚೇರಿಯ ವೈ-ಫೈ ದಾರಿ ತಪ್ಪಿಸುತ್ತಿದೆಯೇ?

ಕುಂದಾಪುರ, ಬೈಂದೂರು, ಬ್ರಹ್ಮಾವರ ಕಡೆಯಲ್ಲಿ ವೈ-ಫೈ ಇಲ್ಲದ ಚರ್ಚ್ ಕಚೇರಿ ಈಗ ಅಪರೂಪ. ಜ್ಞಾನಸ್ನಾನದ ದಾಖಲೆ, ವಂತಿಗೆಯ ಲೆಕ್ಕ, ಬ್ಯಾಂಕ್ ವ್ಯವಹಾರ ಎಲ್ಲವೂ ಅದೇ ಪುಟ್ಟ ಪೆಟ್ಟಿಗೆಯ ಮೂಲಕ ಸಾಗುತ್ತವೆ. ಬ್ಯಾಂಕಿನ ವಿಳಾಸ ಬರೆದರೆ ಬಹುಮಾನದ ಪುಟವೋ ಬೇರೆ ಯಾವುದೋ ಪುಟವೋ ತೆರೆದುಕೊಂಡರೆ ಏನೆಂದು ತಿಳಿಯಬೇಕು?

ಮೊದಲು ಗಾಬರಿ ಬಿಟ್ಟು ಒಂದು ಪ್ರಶ್ನೆ ಕೇಳಿಕೊಳ್ಳೋಣ. ತೊಂದರೆ ಒಂದೇ ಕಂಪ್ಯೂಟರಿನಲ್ಲಿದೆಯೇ, ಎಲ್ಲದರಲ್ಲಿಯೂ ಇದೆಯೇ? ಅದೇ ವಿಳಾಸವನ್ನು ಮೊಬೈಲಿನಲ್ಲಿ ಒಮ್ಮೆ ಕಚೇರಿಯ ವೈ-ಫೈ ಮೂಲಕ, ಮತ್ತೊಮ್ಮೆ ವೈ-ಫೈ ನಿಲ್ಲಿಸಿ ಸಿಮ್ ಡೇಟಾ ಮೂಲಕ ತೆರೆಯಿರಿ. ವೈ-ಫೈಯಲ್ಲಿ ಮಾತ್ರ ದಾರಿ ತಪ್ಪಿದರೆ ಸಂಶಯ ರೂಟರಿನ ಅಥವಾ ಲೈನಿನ ಮೇಲೆ. ಮೊಬೈಲ್ ಎರಡೂ ಕಡೆ ಸರಿಯಾಗಿದ್ದು ಕಂಪ್ಯೂಟರ್ ಮಾತ್ರ ತಪ್ಪಿದರೆ ಅದರೊಳಗಿನ ಬ್ರೌಸರ್ ಎಕ್ಸ್‌ಟೆನ್ಶನ್, ಪ್ರಾಕ್ಸಿ ಸೆಟ್ಟಿಂಗ್ ಅಥವಾ ವೈರಸ್ ನೋಡಬೇಕು.

ಎಲ್ಲ ಬದಲಾವಣೆಯೂ ಮೋಸವಲ್ಲ. ರೀಚಾರ್ಜ್ ಮುಗಿದಾಗ ಕಂಪೆನಿಯವರು ತಮ್ಮ ಹಣ ಪಾವತಿಯ ಪುಟಕ್ಕೆ ಕಳುಹಿಸುವುದುಂಟು. ನಿಷೇಧಿತ ತಾಣಗಳ ಬದಲು ಸೂಚನೆಯ ಪುಟ ಬರುವುದೂ ಉಂಟು. ಆದರೆ ಪರಿಚಿತ ಬ್ಯಾಂಕ್ ತಾಣದಲ್ಲಿ ಸರ್ಟಿಫಿಕೇಟ್ ಸರಿಯಿಲ್ಲವೆಂಬ ಎಚ್ಚರಿಕೆ ಬಂದರೆ ಮುಂದುವರಿಯುವ ಗುಂಡಿ ಒತ್ತಲೇಬಾರದು.

ರೂಟರಿನಲ್ಲಿ ಮುಖ್ಯವಾಗಿ ನೋಡಬೇಕಾದದ್ದು ಡಿಎನ್ಎಸ್. ಹೊಸದಾಗಿ ಬಂದ ಗುರುಗಳು ಒಂದು ಕುಟುಂಬದ ಹೆಸರು ಹೇಳಿದರೆ ವಾಳೆಯ ಗುರಿಕಾರರು ಮನೆ ತೋರಿಸುತ್ತಾರಲ್ಲ, ಹಾಗೆಯೇ ತಾಣದ ಹೆಸರು ಕೊಟ್ಟರೆ ಅದರ ಸಂಖ್ಯೆಯ ವಿಳಾಸ ತಿಳಿಸುವುದು ಡಿಎನ್ಎಸ್ ಸರ್ವರ್. ಗುರಿಕಾರರ ಜಾಗದಲ್ಲಿ ವಂಚಕ ನಿಂತರೆ ಹೆಸರು ಸರಿ, ಮನೆ ಬೇರೆ!

ಇದು ಕಲ್ಪನೆಯಲ್ಲ. ಡಿಎನ್ಎಸ್ ಚೇಂಜರ್ ಎಂಬ ಕುತಂತ್ರಾಂಶ 100ಕ್ಕೂ ಹೆಚ್ಚು ದೇಶಗಳಲ್ಲಿ ಸುಮಾರು 40 ಲಕ್ಷ ಕಂಪ್ಯೂಟರುಗಳನ್ನು ಹೀಗೆ ದಾರಿ ತಪ್ಪಿಸಿತ್ತು. 2011ರ ನವೆಂಬರಿನಲ್ಲಿ ಅಮೆರಿಕದ ಎಫ್‌ಬಿಐ ಆ ಜಾಲವನ್ನು ಬಯಲಿಗೆಳೆಯಿತು. ಎಸ್ಟೋನಿಯಾದ ಆರು ಮಂದಿಯ ಬಂಧನವಾಯಿತು. ನಮ್ಮ ಕರ್ನಾಟಕದಲ್ಲಿಯೂ 2017ರ ಜುಲೈಯಲ್ಲಿ ಬಿಎಸ್‌ಎನ್‌ಎಲ್ ಗ್ರಾಹಕರ ಮೋಡೆಮುಗಳ ಮೇಲೆ ದಾಳಿ ನಡೆಯಿತು. ಅದು ದಾರಿ ತಪ್ಪಿಸಲಿಲ್ಲ, ಸಂಪರ್ಕವನ್ನೇ ಕೆಡಿಸಿತು. ಆದರೆ ಒಳನುಗ್ಗಿದ ಬಾಗಿಲು ಯಾವುದು? ಯಾರೂ ಬದಲಿಸದೆ ಬಿಟ್ಟಿದ್ದ 'ಅಡ್ಮಿನ್' ಎಂಬ ಪಾಸ್‌ವರ್ಡ್.

ಕರಾವಳಿಯಲ್ಲಿ ಇದಕ್ಕೊಂದು ವಿಶೇಷ ಕಾರಣವಿದೆ. ಸಿಡಿಲಿಗೆ ಮೋಡೆಮ್ ಸುಡುತ್ತದೆ, ಹೊಸದನ್ನು ಗಡಿಬಿಡಿಯಲ್ಲಿ ಜೋಡಿಸುತ್ತಾರೆ, ದೀಪ ಹಸಿರಾದರೆ ಎಲ್ಲರಿಗೂ ಸಮಾಧಾನ. ಪಾಸ್‌ವರ್ಡ್ ಕಾರ್ಖಾನೆಯದ್ದೇ ಉಳಿಯುತ್ತದೆ.

ರೂಟರಿನ ಅಡಿಯ ಚೀಟಿಯಲ್ಲಿ ಅದರ ವಿಳಾಸವಿರುತ್ತದೆ, ಹೆಚ್ಚಾಗಿ 192.168.1.1. ಅದನ್ನು ಬ್ರೌಸರಿನಲ್ಲಿ ತೆರೆದು ಡಿಎನ್ಎಸ್ ಸಾಲಿನ ಸಂಖ್ಯೆಗಳನ್ನು ಬರೆದುಕೊಂಡು, ಅವು ತಮ್ಮವೇ ಎಂದು ಸಂಪರ್ಕ ಕೊಟ್ಟವರಲ್ಲಿ ಕೇಳಿರಿ. 8.8.8.8 ಗೂಗಲ್‌ನದ್ದು, 1.1.1.1 ಕ್ಲೌಡ್‌ಫ್ಲೇರ್‌ನದ್ದು, ಇವು ಕಂಡರೆ ಭಯ ಬೇಡ. ಇನ್ನೊಂದು ಪರೀಕ್ಷೆಯೂ ಇದೆ. ಒಂದೇ ಕಂಪ್ಯೂಟರಿನಲ್ಲಿ ಡಿಎನ್ಎಸ್ 1.1.1.1 ಎಂದು ನಾವೇ ಬರೆದು ನೋಡುವುದು. ಅದರಲ್ಲಿ ಮಾತ್ರ ತೊಂದರೆ ನಿಂತರೆ ರೂಟರಿನ ಡಿಎನ್ಎಸ್ ಮೇಲಿನ ಸಂಶಯ ಬಲವಾಗುತ್ತದೆ. ನಿಲ್ಲದಿದ್ದರೆ ರೂಟರ್ ನಿರ್ದೋಷಿ ಎಂದು ಹೇಳುವಂತಿಲ್ಲ, ಏಕೆಂದರೆ ಡಿಎನ್ಎಸ್ ಪ್ರಶ್ನೆಗಳನ್ನು ದಾರಿಯಲ್ಲೇ ತಡೆದು ಉತ್ತರಿಸುವ ಉಪಾಯಗಳೂ ಇವೆ.

ಅಪರಿಚಿತ ಸಂಖ್ಯೆ ಕಂಡರೆ ಪುಟದ ಫೋಟೋ ತೆಗೆದಿಡಿ. ಸಂಪರ್ಕದ ಬಳಕೆದಾರ ಹೆಸರು, ಪಾಸ್‌ವರ್ಡ್ ಕೈಯಲ್ಲಿದೆಯೇ ಎಂದು ಖಚಿತಪಡಿಸಿಕೊಂಡ ಮೇಲೆಯೇ ರೀಸೆಟ್ ಗುಂಡಿ ಒತ್ತಿ. ಇಲ್ಲವಾದರೆ ಆದಿತ್ಯವಾರದ ಪ್ರಕಟಣೆ ಕಳುಹಿಸಲೂ ಇಂಟರ್‌ನೆಟ್ ಇರದು. ಬಳಿಕ ಅಡ್ಮಿನ್ ಪಾಸ್‌ವರ್ಡ್ ಬದಲಿಸಿ, ಹೊರಗಿನಿಂದ ನಿಯಂತ್ರಿಸುವ ಸೌಲಭ್ಯ ಮುಚ್ಚಿ, ರೂಟರಿನ ತಂತ್ರಾಂಶ ನವೀಕರಿಸಿ. ಅಡ್ಮಿನ್ ಪಾಸ್‌ವರ್ಡೂ ವೈ-ಫೈ ಪಾಸ್‌ವರ್ಡೂ ಒಂದೇ ಆಗಿರಬಾರದು. ಯುವಜನರಿಗೆ, ಅತಿಥಿಗಳಿಗೆ ಪ್ರತ್ಯೇಕ ಗೆಸ್ಟ್ ವೈ-ಫೈ ಕೊಡುವುದು ಸಿಡುಕುತನವಲ್ಲ, ಅಗತ್ಯ ಎಂಬುದು ನಮ್ಮ ಅಭಿಪ್ರಾಯ.

ದಾರಿ ತಪ್ಪಿದ ದಿನಗಳಲ್ಲಿ ಯಾರಾದರೂ ಬ್ಯಾಂಕ್ ಅಥವಾ ಇಮೇಲ್ ತೆರೆದಿದ್ದರೆ ಆ ಪಾಸ್‌ವರ್ಡ್‌ಗಳನ್ನು ಬೇರೆ ಸಂಪರ್ಕದಿಂದ, ಸುರಕ್ಷಿತ ಸಾಧನದಲ್ಲಿ ಬದಲಿಸಬೇಕು. ಹಣ ಹೋಗಿದ್ದರೆ ಪಾಲನಾ ಮಂಡಳಿಯ ಸಭೆಗೆ ಕಾಯದೆ ತಕ್ಷಣ ಬ್ಯಾಂಕಿಗೂ ಸೈಬರ್ ಸಹಾಯವಾಣಿ 1930ಕ್ಕೂ ಕರೆ ಮಾಡಿ.