ಹೆಸರಿನ ಪಹಣಿ

ಸಣ್ಣ ಪ್ರಕಾಶನ ನಡೆಸುವ ಗೆಳೆಯರೊಬ್ಬರು ತಮ್ಮ ಡಾಟ್ ಕಾಮ್ ವೆಬ್‌ಸೈಟನ್ನು ಹೊಸ ಹೋಸ್ಟಿಂಗ್ ಕಂಪನಿಗೆ ಸಾಗಿಸಿದ ಮರುದಿನ ಫೋನ್ ಮಾಡಿದರು. “ಸೈಟ್ ಚೆನ್ನಾಗೇ ತೆರೀತಿದೆ, ಮೇಲ್ ಮಾತ್ರ ಬರ್ತಿಲ್ಲ. ಅದೂ ಕೆಲವರದು ಬರ್ತಿದೆ, ಕೆಲವರದು ಇಲ್ಲ. ಇದೇನು ಮಾರಾಯ್ರೇ?”

ಡೊಮೈನ್ ಎಂಬುದು ಬರೀ ಹೆಸರು. ಅದರ ಹಿಂದೆ ಹೊಲದ ಪಹಣಿಯಂಥ ಒಂದು ದಾಖಲೆಪಟ್ಟಿ ಇರುತ್ತದೆ. ಪಹಣಿಯಲ್ಲಿ ಖಾತೆದಾರರ ಕಾಲಂ ಬೇರೆ, ಬೆಳೆಯ ಕಾಲಂ ಬೇರೆ. ಇಲ್ಲೂ ಹಾಗೆಯೇ. ‘ಎ’ ದಾಖಲೆ ವೆಬ್‌ಸೈಟ್ ಇರುವ ಕಂಪ್ಯೂಟರಿನ ಐಪಿ ಸಂಖ್ಯೆ ಹೇಳುತ್ತದೆ. ಉದ್ದನೆಯ ಹೊಸ ಬಗೆಯ ಐಪಿ ಸಂಖ್ಯೆಗೆ ನಾಲ್ಕು ‘ಎ’ಗಳ ದಾಖಲೆ. ‘ಸಿನೇಮ್’ ಒಂದು ಹೆಸರನ್ನು ಇನ್ನೊಂದರ ಅಡ್ಡಹೆಸರಾಗಿಸುತ್ತದೆ. ಮೇಲ್ ಎಲ್ಲಿಗೆ ಮುಟ್ಟಬೇಕು ಎನ್ನುವುದು ‘ಎಂಎಕ್ಸ್’. ಈ ಇಡೀ ಪಟ್ಟಿ ಯಾರ ಸರ್ವರಿನಲ್ಲಿದೆ ಎಂದು ತಿಳಿಸುವುದು ‘ಎನ್‌ಎಸ್’.

ಹಿಂದೆ ಇಷ್ಟು ರಗಳೆ ಇರಲಿಲ್ಲ. ಅಮೆರಿಕದ ಅರ್ಪಾನೆಟ್ ಎಂಬ ಕಂಪ್ಯೂಟರ್ ಜಾಲದ ಕಾಲದಲ್ಲಿ ಎಲ್ಲ ಕಂಪ್ಯೂಟರುಗಳ ಹೆಸರೂ ಒಂದೇ ಕಡತದಲ್ಲಿತ್ತು. ಕ್ಯಾಲಿಫೋರ್ನಿಯಾದ ಒಂದು ಸಂಶೋಧನಾ ಸಂಸ್ಥೆ ಅದನ್ನು ತಿದ್ದುತ್ತಿತ್ತು, ಉಳಿದವರು ನಕಲು ತರಿಸಿಕೊಳ್ಳುತ್ತಿದ್ದರು. ಕಂಪ್ಯೂಟರುಗಳು ಹೆಚ್ಚಿದಂತೆ ಅದು ಕೈಮೀರಿತು. 1983ರಲ್ಲಿ ಪಾಲ್ ಮೊಕಪೆಟ್ರಿಸ್ ರೂಪಿಸಿದ ಡೊಮೈನ್ ಹೆಸರುಗಳ ವ್ಯವಸ್ಥೆ, ಅಂದರೆ ಡಿಎನ್‌ಎಸ್, ಅವರವರ ಪಟ್ಟಿಯನ್ನು ಅವರವರೇ ಇಟ್ಟುಕೊಳ್ಳುವಂತೆ ಮಾಡಿತು. ಅಂದಮೇಲೆ ಪಟ್ಟಿ ಕೆಟ್ಟರೆ ಹೊಣೆಯೂ ನಮ್ಮದೇ.

ಗೆಳೆಯರ ವಿಷಯದಲ್ಲಿ ಆದದ್ದು ಇದು. ಸೈಟ್ ಸಾಗಿಸಲು ‘ಎ’ ಒಂದನ್ನು ತಿದ್ದಿದ್ದರೆ ಸಾಕಿತ್ತು. ಅವರು ಎನ್‌ಎಸ್ಸನ್ನೇ ಬದಲಿಸಿದ್ದರು. ಹೊಸ ಕಂಪನಿಯ ಪಟ್ಟಿಯಲ್ಲಿ ‘ಎ’ ಇತ್ತು, ಎಂಎಕ್ಸ್ ಸಾಲುಗಳನ್ನು ಯಾರೂ ನಕಲು ಮಾಡಿರಲಿಲ್ಲ. ಎಂಎಕ್ಸ್ ಇಲ್ಲದಿದ್ದರೆ ಮೇಲ್ ‘ಎ’ ತೋರಿಸುವ ವಿಳಾಸಕ್ಕೇ ಹೋಗಿ ಬಾಗಿಲು ತಟ್ಟುತ್ತದೆ. ಆ ವೆಬ್ ಸರ್ವರಿನಲ್ಲಿ ಮೇಲ್ ಇಸಿದುಕೊಳ್ಳುವವರೇ ಇರಲಿಲ್ಲ.

ಹಾಗಾದರೆ ಕೆಲವರದು ಹೇಗೆ ಬಂತು? ಪ್ರತಿ ದಾಖಲೆಯ ಜೊತೆ ‘ಟಿಟಿಎಲ್’ ಎಂಬ ಅಂಕಿಯಿರುತ್ತದೆ, ಲೆಕ್ಕ ಸೆಕೆಂಡುಗಳಲ್ಲಿ. ಒಮ್ಮೆ ಕೇಳಿ ತಿಳಿದ ಸರ್ವರುಗಳು ಅಷ್ಟು ಹೊತ್ತು ಮತ್ತೆ ಕೇಳುವುದಿಲ್ಲ. ಡಾಟ್ ಕಾಮ್ ಹೆಸರುಗಳ ಎನ್‌ಎಸ್ ಬಗ್ಗೆ ಮೇಲಿನ ಹಂತದ ಸರ್ವರುಗಳು ಕೊಡುವ ಉತ್ತರಕ್ಕೆ 172800 ಸೆಕೆಂಡು, ಎಂದರೆ ಎರಡು ದಿನ. ಹಳೆಯ ಪಹಣಿಯ ಪ್ರತಿ ಜೇಬಿನಲ್ಲಿದ್ದವರ ಮೇಲ್ ಸರಿಯಾಗಿ ಮುಟ್ಟುತ್ತಿತ್ತು! ಬದಲಾವಣೆ ‘ಹರಡಲು’ ಎರಡು ದಿನ ಬೇಕು ಎನ್ನುತ್ತಾರಲ್ಲ, ಹರಡುವುದೇನೂ ಇಲ್ಲ. ಹಳೆಯ ಪ್ರತಿಗಳ ಅವಧಿ ಮುಗಿಯಬೇಕು, ಅಷ್ಟೆ. ಬದಲಾಯಿಸುವ ಹಿಂದಿನ ದಿನವೇ ‘ಎ’ ದಾಖಲೆಯ ಟಿಟಿಎಲ್ಲನ್ನು 300ಕ್ಕೆ ಇಳಿಸುವುದು ಅನುಭವಸ್ಥರ ರೂಢಿ.

ಪುಣ್ಯಕ್ಕೆ ಹಳೆಯ ಕಂಪನಿಯಲ್ಲಿನ ಖಾತೆ ಇನ್ನೂ ಮುಚ್ಚಿರಲಿಲ್ಲ. ಅಲ್ಲಿಂದ ಎರಡು ಎಂಎಕ್ಸ್ ಸಾಲು ಎತ್ತಿಕೊಂಡೆವು. ಒಂದರ ಮುಂದೆ 10, ಇನ್ನೊಂದರ ಮುಂದೆ 20. ಸಣ್ಣ ಅಂಕಿಯದಕ್ಕೆ ಮೊದಲ ಸರದಿ. ಜೊತೆಗೆ ‘ಟಿಎಕ್ಸ್‌ಟಿ’ ದಾಖಲೆಯಲ್ಲಿದ್ದ ಎಸ್‌ಪಿಎಫ್ ಸಾಲು: ಈ ಹೆಸರಿನಲ್ಲಿ ಮೇಲ್ ಕಳಿಸಲು ಯಾವ ಸರ್ವರಿಗೆ ಅನುಮತಿ ಎಂಬ ಪಟ್ಟಿ. ಅದನ್ನು ಬಿಟ್ಟಿದ್ದರೆ ಇವರು ಬರೆದ ಮೇಲ್ ಓದುಗರ ಸ್ಪ್ಯಾಮ್ ಡಬ್ಬಿಗೆ ಬೀಳುವ ಸಂಭವವಿತ್ತು.

ಒಡನೆ ಏನೂ ಆಗಲಿಲ್ಲ. ‘ಎಂಎಕ್ಸ್ ಇಲ್ಲ’ ಎಂಬ ಉತ್ತರವನ್ನೂ ಸರ್ವರುಗಳು ಸ್ವಲ್ಪ ಹೊತ್ತು ನೆನಪಿಟ್ಟುಕೊಳ್ಳುತ್ತವೆ. ಬಾಗಿಲು ತೆರೆಯದ ಮೇಲನ್ನು ಕಳಿಸಿದವರ ಸರ್ವರ್ ಎಸೆಯದೆ ಆಗಾಗ ಮತ್ತೆ ಯತ್ನಿಸುತ್ತಿರುತ್ತದೆ. ಸಂಜೆ ಹೊತ್ತಿಗೆ ಬೆಳಗಿನ ಆರ್ಡರುಗಳು ಒಂದರ ಹಿಂದೊಂದು ಬಂದು ಬಿದ್ದವು.